ಚಾಗದ ಕಂಬದ ಮೂರು ಮುಖ

ಶ್ರವಣಬೆಳಗೊಳದ ದೊಡ್ಡಬೆಟ್ಟವನ್ನು ಬಿಸಿಲೇರುವ ಮೊದಲೇ ಹತ್ತಿಬಿಡಬೇಕು. ಚಪ್ಪಲಿಯನ್ನು ಕೆಳಗೇ ಬಿಡಬೇಕಾದ್ದರಿಂದ ಹತ್ತು ಗಂಟೆಯ ಮೇಲೆ ಬಂಡೆ ಅಂಗಾಲನ್ನು ಸುಡುತ್ತದೆ. ಅವರಿಬ್ಬರೂ ಹೊರಟದ್ದು ಆರೂವರೆಗೆ. ಒಬ್ಬರು ನಿವೃತ್ತ ಹೈಸ್ಕೂಲು ಮೇಷ್ಟ್ರು, ಎಪ್ಪತ್ತು ದಾಟಿದವರು. ನೌಕರಿಯಲ್ಲಿದ್ದಷ್ಟೂ ಕಾಲ ರಜೆ ಸಿಕ್ಕಾಗಲೆಲ್ಲ ಊರೂರು ಸುತ್ತಿ ಶಾಸನಗಳ ಪಡಿಯಚ್ಚು ತೆಗೆದವರು. ಇನ್ನೊಬ್ಬ ಅವರ ಹಳೆಯ ವಿದ್ಯಾರ್ಥಿ, ಮೂವತ್ತರ ಆಸುಪಾಸಿನ ಇಂಜಿನಿಯರು. ಅವನ ಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಒಂದು ಹಾಳೆ ಇತ್ತು.

ಹಾಳೆಯ ತುಂಬ ಹೆಸರುಗಳು. ಅವನೂರಿನ ಈಶ್ವರನ ಗುಡಿ ಜೀರ್ಣೋದ್ಧಾರವಾಗಿತ್ತು. ಬಾಗಿಲ ಪಕ್ಕ ದಾನಿಗಳ ಕಲ್ಲು ನಿಲ್ಲಿಸಬೇಕು, ಅದರ ಒಕ್ಕಣೆಯನ್ನು ಮೇಷ್ಟ್ರ ಕೈಯಲ್ಲೇ ಬರೆಸಿಕೊಂಡು ಬಾ ಎಂದು ಅಪ್ಪ ಕಳಿಸಿದ್ದರು. ಎಲ್ಲರಿಗಿಂತ ಹೆಚ್ಚು ಕೊಟ್ಟವರು ಅಪ್ಪನೇ. ಆದರೆ ಮೊದಲ ಹೆಸರು ಯಾರದಾಗಬೇಕು? ಹಣದ ಲೆಕ್ಕವೋ, ವಯಸ್ಸಿನ ಲೆಕ್ಕವೋ, ಹಳೆಯ ಮನೆತನದ ಲೆಕ್ಕವೋ? ಸಮಿತಿಯಲ್ಲಿ ಎರಡು ತಿಂಗಳಿಂದ ಅದೇ ಜಗಳ.

"ನನಗೆ ಇದೆಲ್ಲ ನಾಚಿಕೆ ಅನ್ನಿಸ್ತದೆ ಮೇಷ್ಟ್ರೆ," ಎಂದ ಹುಡುಗ, ಮೊದಲ ಮೆಟ್ಟಿಲುಗಳನ್ನು ಹತ್ತುತ್ತಲೇ. "ದೇವರಿಗೆ ಕೊಟ್ಟ ಮೇಲೆ ಕೊಟ್ಟೆ ಅಂತ ಯಾಕೆ ಕೆತ್ತಿಸಬೇಕು? ಗುಡಿಯ ಟ್ಯೂಬ್‌ಲೈಟಿನ ಮೇಲೆ ಹೆಸರು, ಫ್ಯಾನಿನ ರೆಕ್ಕೆ ಮೇಲೆ ಹೆಸರು, ಕೂರೋ ಬೆಂಚಿನ ಮೇಲೆ ಹೆಸರು."

"ನಿಮ್ಮ ಮನೇಲಿ ಸ್ಟೀಲು ಪಾತ್ರೆ ಮೇಲೆ ಹೆಸರಿಲ್ಲವಾ?"

"ಇದೆ. ಅಂಗಡಿಯವನು ಮಿಷನ್ನಿನಲ್ಲಿ ಕೊರೆದುಕೊಡ್ತಾನಲ್ಲ. ಒಂದು ಚೊಂಬಿನ ಮೇಲೆ ನಮ್ಮಜ್ಜಿ ಹೆಸರಿದೆ."

"ಅಜ್ಜಿ ಹೋಗಿ ಎಷ್ಟು ವರ್ಷವಾಯ್ತು?"

"ಹನ್ನೊಂದು."

"ಆ ಚೊಂಬು ಕೈಗೆ ತಗೊಂಡಾಗ ನಾಚಿಕೆ ಅನ್ನಿಸ್ತದಾ?"

ಹುಡುಗ ಉತ್ತರ ಕೊಡಲಿಲ್ಲ. ಮೇಷ್ಟ್ರೂ ಒತ್ತಾಯ ಮಾಡಲಿಲ್ಲ.

ಇಲ್ಲಿಯ ಮೆಟ್ಟಿಲುಗಳು ಬಂಡೆಯನ್ನೇ ಕಡಿದು ಮಾಡಿದವು, ಆರುನೂರಕ್ಕೂ ಹೆಚ್ಚು. ಮೂರನೆಯ ಒಂದು ಭಾಗ ಏರಿದ ಮೇಲೆ ಮೇಷ್ಟ್ರು ಉಸಿರು ತೆಗೆದುಕೊಳ್ಳಲು ಕೂತರು. ಹಿಂದಕ್ಕೆ ತಿರುಗಿದರೆ ಕೆಳಗೆ ಕಲ್ಯಾಣಿ, ಅದರಾಚೆ ಚಿಕ್ಕಬೆಟ್ಟ, ಬೆಟ್ಟದ ಮೇಲೆ ಒತ್ತಾಗಿ ನಿಂತ ಬಸದಿಗಳು.

"ಆ ಬೆಟ್ಟಕ್ಕೆ ಜನ ಬರುತ್ತಿದ್ದದ್ದು ಎಲ್ಲವನ್ನೂ ಬಿಡೋದಕ್ಕೆ," ಎಂದರು. "ಮನೆ ಬಿಟ್ಟು, ಮಠ ಬಿಟ್ಟು, ಕೊನೆಗೆ ಅನ್ನ ನೀರೂ ಬಿಟ್ಟು ಸಲ್ಲೇಖನದಲ್ಲಿ ದೇಹ ಬಿಡೋದಕ್ಕೆ. ಸುಮಾರು ಏಳನೆಯ ಶತಮಾನದಿಂದಲೂ ಆ ಬಂಡೆಗಳ ಮೇಲೆ ಅವರ ಹೆಸರುಗಳಿವೆ. ಇಂಥ ಮುನಿ, ಇಂಥ ಕಂತಿ, ಇಂಥವರ ಶಿಷ್ಯರು, ನೋಂತು ಮುಡಿಪಿದರು ಅಂತ. 1889ರಲ್ಲಿ ಲೂಯಿ ರೈಸ್ ಸಾಹೇಬರು ಈ ಊರಿನ ಶಾಸನಗಳ ಪುಸ್ತಕ ತಂದಾಗ ಅದರಲ್ಲಿ 144 ಇದ್ದವು. 1923ರಲ್ಲಿ ಆರ್. ನರಸಿಂಹಾಚಾರ್ ಪರಿಷ್ಕರಿಸಿದಾಗ 500 ಆದವು. ಅದರಲ್ಲಿ ಎಷ್ಟೊಂದು ಇಂಥ ಸಾವಿನವೇ."

"ಎಲ್ಲ ಬಿಟ್ಟವರು ಹೆಸರು ಮಾತ್ರ ಉಳಿಸಿಕೊಂಡರಾ?"

"ಅವರು ಉಳಿಸಿಕೊಳ್ಳಲಿಲ್ಲ. ಹಿಂದೆ ಉಳಿದವರಿಗೆ ಬಿಡೋದಕ್ಕಾಗಲಿಲ್ಲ. ರಾಷ್ಟ್ರಕೂಟರ ಕೊನೆಯ ಅರಸು ನಾಲ್ಕನೆಯ ಇಂದ್ರ ಗೊತ್ತಲ್ಲ? ರಾಜ್ಯ ಕೈಬಿಟ್ಟುಹೋಯ್ತು. 982ರಲ್ಲಿ ಇಲ್ಲಿಗೆ ಬಂದು ಉಪವಾಸ ಕೂತು ಪ್ರಾಣ ಬಿಟ್ಟ. ಅವನ ಶಾಸನ ಅಲ್ಲಿದೆ. ಅದರಲ್ಲಿ ಬಹಳ ಜಾಗ ಯಾವುದಕ್ಕೆ ಹೋಗಿದೆ ಗೊತ್ತಾ? ಕುದುರೆ ಮೇಲೆ ಕೂತು ಅವನು ಆಡುತ್ತಿದ್ದ ಚೆಂಡಾಟಕ್ಕೆ. ಚೆಂಡನ್ನ ಹೇಗೆ ತಿರುಗಿಸ್ತಿದ್ದ, ಹೇಗೆ ಹೊಡೀತಿದ್ದ ಅಂತ. ನಾನು ಮೊದಲ ಸಲ ಓದಿದಾಗ ನನಗೆ ಗಂಟಲು ಕಟ್ಟಿತು. ಅವನನ್ನು ಬಲ್ಲವರು ಯಾರೋ ಬರೆಸಿದ್ದು ಅದು. ಸಾಮ್ರಾಜ್ಯ ಹೋಯ್ತು ಅನ್ನೋದಕ್ಕಿಂತ ಅವನ ಆಟವೇ ಅವರ ಕಣ್ಣಿಗೆ ಕಟ್ಟಿತ್ತು."

ಅದೇ ಚಿಕ್ಕಬೆಟ್ಟದ ಬಂಡೆಯ ಮೇಲೆ 'ಶ್ರೀ ಕವಿರತ್ನ' ಎಂದೂ ಒಂದು ಹೆಸರಿದೆ. ಅದು ಮಹಾಕವಿ ರನ್ನನದೇ ಎಂದು ವಿದ್ವಾಂಸರು ಹೇಳುತ್ತ ಬಂದಿದ್ದಾರೆ. ರನ್ನನಿಗೆ ಆಶ್ರಯ ಕೊಟ್ಟವನು ಚಾವುಂಡರಾಯ, ಈ ದೊಡ್ಡಬೆಟ್ಟದ ಗೊಮ್ಮಟನನ್ನು ಮಾಡಿಸಿದವನು. ಕಾವ್ಯದಲ್ಲಿ ಅಷ್ಟೊಂದು ಬರೆದವನು ಬಂಡೆಯ ಮುಂದೆ ನಿಂತಾಗ ಇಷ್ಟೇ ಸಾಕೆಂದುಕೊಂಡನೆಂದರೆ, ಅದು ಬಂದುಹೋದದ್ದಕ್ಕೆ ಗುರುತು, ಅಷ್ಟೇ.

"ಹಾಗಾದರೆ ನಮ್ಮ ಹುಡುಗರು ಕೋಟೆ ಗೋಡೆ ಮೇಲೆ ಹೆಸರು ಗೀಚೋದೂ ಇದೂ ಒಂದೇ ಅಲ್ಲವಾ?" ಹುಡುಗ ಪಟ್ಟು ಬಿಡಲಿಲ್ಲ. ಪ್ರಶ್ನೆ ಸುಲಭದ್ದಲ್ಲ, ಮೇಷ್ಟ್ರು ಅದನ್ನು ಹಗುರವಾಗಿ ತೆಗೆದುಕೊಳ್ಳಲೂ ಇಲ್ಲ.

"ಆಸೆ ಒಂದೇ. ಆದರೆ ಗೀಚುವವನು ತನ್ನ ಹೆಸರಿನ ಅಡಿಯಲ್ಲಿ ಏನಿದೆ ಅಂತ ನೋಡೋದಿಲ್ಲ. ಚಿತ್ರವಿದ್ದರೆ ಚಿತ್ರದ ಮೇಲೇ, ಶಾಸನವಿದ್ದರೆ ಶಾಸನದ ಮೇಲೇ. ಬರೀ ಬಂಡೆ ಮೇಲೆ ಬರೆಯೋದೂ ಬರೆದದ್ದರ ಮೇಲೆ ಬರೆಯೋದೂ ಬೇರೆ ಕಣಯ್ಯ. ಮೇಲೆ ಹೋಗೋಣ, ತೋರಿಸ್ತೀನಿ."

ಮತ್ತೆ ಹತ್ತತೊಡಗಿದರು. ದಾರಿಯುದ್ದಕ್ಕೂ ಮಾತು ರಾಜರ ಮೇಲೆ ಹರಿಯಿತು. ತಮಗೊಂದು ಪಟ್ಟ ತಾವೇ ಕಡೆದುಕೊಂಡವರಲ್ಲಿ ರಾಜರೇ ಮೊದಲಲ್ಲವೇ ಎಂದು ಹುಡುಗ ಕೇಳಿದ್ದಕ್ಕೆ ಮೇಷ್ಟ್ರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಕಥೆ ತೆಗೆದರು. ಅಲ್ಲಿ ಅಶೋಕನ ಶಾಸನವಿದೆ. ಅದರಲ್ಲಿ ಚಕ್ರವರ್ತಿ ತನ್ನನ್ನು ದೇವಾನಾಂಪ್ರಿಯ ಎಂದಷ್ಟೇ ಕರೆದುಕೊಂಡಿದ್ದಾನೆ. ಅಶೋಕ ಎಂಬ ಹೆಸರಿಲ್ಲ. ಆದರೆ ಕಲ್ಲಿನ ಕೊನೆಗೆ ಬರೆದವನ ಹೆಸರಿದೆ, ಚಪಡ ಎಂದು. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದ್ದರೆ, ತಾನು ಲಿಪಿಕಾರ ಎಂಬ ಒಂದು ಪದವನ್ನು ಮಾತ್ರ ಆತ ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯವ್ಯದ ಗಾಂಧಾರದ ಕಡೆಯ ಲಿಪಿ.

"ಯೋಚನೆ ಮಾಡು," ಎಂದರು ಮೇಷ್ಟ್ರು. "ಎಲ್ಲಿಯ ಗಾಂಧಾರ, ಎಲ್ಲಿಯ ಮೊಳಕಾಲ್ಮೂರು. ಆ ಸೀಮೆಯಲ್ಲಿ ಆ ಲಿಪಿ ಓದೋರು ಎಷ್ಟು ಜನ ಇದ್ದಿರಬಹುದು? ಆದರೂ ಬರೆದ. ರಾಜನ ಸ್ವಂತ ಹೆಸರು ಕಲ್ಲಿನ ಮೇಲೆ ಸಿಗೋದಕ್ಕೆ 1915ರ ತನಕ ಕಾಯಬೇಕಾಯ್ತು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನ ಹುಡುಕುತ್ತಿದ್ದ ಒಬ್ಬ ಇಂಜಿನಿಯರ್‌ಗೆ ಅದು ಸಿಕ್ಕಿತು. ನಿನ್ನ ಕಸುಬಿನವನೇ. ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಗಟ್ಟಿಯಾದದ್ದು ಆ ಕಲ್ಲಿನಿಂದ."

"ರಾಜನ ಮುಂದೆ ಗುಮಾಸ್ತ ತನ್ನ ಹೆಸರು ಹಾಕಿಕೊಂಡದ್ದು ಸರಿನಾ?"

"ಕೆಲಸ ಮಾಡಿದ್ದೀನಿ ಅಂದ, ಅಷ್ಟೇ. ಐಹೊಳೆಯ ರವಿಕೀರ್ತಿಯದು ಅದಕ್ಕಿಂತ ದೊಡ್ಡ ಧೈರ್ಯ. 634ರಲ್ಲಿ ಮೇಗುತಿ ಬಸದಿಯ ಗೋಡೆ ಮೇಲೆ ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನೆಲ್ಲ ಹೊಗಳಿ, ಕೊನೆಗೆ ಕೀರ್ತಿಯಲ್ಲಿ ತಾನು ಕಾಳಿದಾಸ ಭಾರವಿಗಳಿಗೆ ಸಮ ಅಂದುಬಿಟ್ಟ."

"ಅದು ಅಹಂಕಾರ ಅಲ್ಲವಾ ಮೇಷ್ಟ್ರೆ?"

"ಇರಬಹುದು. ಆದರೆ ಕಾಳಿದಾಸ ಯಾವಾಗ ಇದ್ದ ಅಂತ ಗೊತ್ತಿಲ್ಲದೆ ವಿದ್ವಾಂಸರು ಒದ್ದಾಡುತ್ತಿದ್ದಾಗ, 634ಕ್ಕಿಂತ ಈಚೆಯವನಲ್ಲ ಅಂತ ಗೆರೆ ಎಳೆದುಕೊಟ್ಟದ್ದು ರವಿಕೀರ್ತಿಯ ಅದೇ ಮಾತು. ತನ್ನ ಸ್ಥಾನ ಹೇಳಿಕೊಳ್ಳೋದಕ್ಕೆ ಹೋಗಿ ಕಾಳಿದಾಸನಿಗೆ ಕಾಲ ಕೊಟ್ಟ. ಅವನು ಯಾರ ಹೆಸರನ್ನೂ ಅಳಿಸಲಿಲ್ಲ, ತನ್ನದನ್ನ ಅವರ ಪಕ್ಕ ಇಟ್ಟ. ನನಗೆ ಅವನ ಮೇಲೆ ಸಿಟ್ಟಿಲ್ಲ."

ಓದೆಗಲ್ ಬಸದಿಯನ್ನು ದಾಟಿ ಅವರು ಬಂದು ನಿಂತದ್ದು ಒಂದು ಕಂಬದ ಮುಂದೆ. ತ್ಯಾಗದ ಬ್ರಹ್ಮದೇವರ ಕಂಬ, ಊರವರ ಬಾಯಲ್ಲಿ ಚಾಗದ ಕಂಬ. ಸಣ್ಣ ಮಂಟಪದ ನಡುವೆ, ಮೈತುಂಬ ಬಳ್ಳಿ ಸುರುಳಿ ಹೊತ್ತು ನಿಂತಿದೆ. ಚಾವುಂಡರಾಯ ಇಲ್ಲಿ ಕೂತು ದಾನ ಹಂಚುತ್ತಿದ್ದನೆಂದು ಹೇಳುತ್ತಾರೆ. ಕಂಬದ ಬುಡಕ್ಕೂ ನೆಲಕ್ಕೂ ನಡುವೆ ಬಟ್ಟೆ ತೂರಿಸಿ ಆಚೆ ಎಳೆಯಬಹುದಿತ್ತು ಎಂಬ ಮಾತೂ ಇದೆ. ಗೊಮ್ಮಟನ ಕಡೆಗೆ ಧಾವಿಸುವ ಯಾತ್ರಿಕರಲ್ಲಿ ಇಲ್ಲಿ ನಿಲ್ಲುವವರು ಕಡಿಮೆ. ನಿಂತವರೂ ಬಳ್ಳಿಯ ಚೆಲುವು ನೋಡಿ ಮುಂದೆ ಹೋಗುತ್ತಾರೆ. ಮೇಷ್ಟ್ರು ತೋರಿಸಿದ್ದು ಕೆತ್ತನೆಯನ್ನಲ್ಲ, ಬುಡದ ಮುಖಗಳನ್ನು.

"ಇದರ ಉತ್ತರದ ಮುಖದಲ್ಲಿ ಚಾವುಂಡರಾಯನ ಮಾತಿದೆ. ಅವನ ವಂಶ, ಗಂಗರ ದೊರೆಗಾಗಿ ಅವನು ಗೆದ್ದ ಯುದ್ಧಗಳು. ಓದುತ್ತ ಹೋಗು, ಮಾತು ಇನ್ನೂ ಮುಗಿದಿರೋದಿಲ್ಲ, ಮುಖ ಮುಗಿದುಹೋಗ್ತದೆ. ಮಿಕ್ಕದ್ದು ಉಳಿದ ಮೂರು ಮುಖದ ಮೇಲೆ ಇದ್ದಿರಬೇಕು. ಎಲ್ಲಿದೆ?"

"ಇಲ್ಲ."

"ಇಲ್ಲ. 1200ರ ಸುಮಾರಿಗೆ ಹೆಗ್ಗಡೆ ಕಣ್ಣ ಅನ್ನೋ ಒಬ್ಬ ಅಧಿಕಾರಿ ಅದನ್ನ ಕೆತ್ತಿ ಹಾಕಿಸಿದ ಅಂತ ಕಾಣ್ತದೆ. ಯಾತಕ್ಕೆ? ಈ ಕಂಬಕ್ಕೆ ತಾನೊಂದು ಯಕ್ಷನ್ನ ಮಾಡಿಸಿದೆ ಅಂತ ಬರೆಸೋದಕ್ಕೆ. ದಕ್ಷಿಣದ ಮುಖದ ಮೇಲೆ ಅವನದು ಎರಡೂವರೆ ಸಾಲು."

"ಎರಡೂವರೆ ಸಾಲಿಗೆ ಮೂರು ಮುಖ?"

"ಮೂರು ಮುಖ. ಗೊಮ್ಮಟನ ಬಗ್ಗೆ ಚಾವುಂಡರಾಯ ತಾನೇ ಏನು ಹೇಳಿದ್ದ? ಯಾವ ವರ್ಷ, ಯಾವ ತಿಥಿ, ಕಲ್ಲಿಗೆ ಉಳಿ ಇಟ್ಟವರು ಯಾರು? ಅದೆಲ್ಲ ಇಲ್ಲಿ ಇದ್ದಿರಬಹುದಿತ್ತು. ನಾವು ಇವತ್ತು 981ರ ಆಸುಪಾಸು ಅಂತ ಅಂದಾಜು ಹೇಳ್ತೀವಿ. ಆ ಅಂದಾಜಿನ ಜಾಗದಲ್ಲಿ ಅವನ ಸ್ವಂತ ಮಾತು ಇರಬೇಕಾಗಿತ್ತು."

ಹೆಗ್ಗಡೆ ಕಣ್ಣ ಕೆಟ್ಟವನೇ ಆಗಿದ್ದನೆಂದು ತಿಳಿಯಬೇಕಿಲ್ಲ. ಭಕ್ತಿಯಿಂದಲೇ ಯಕ್ಷನನ್ನು ಮಾಡಿಸಿದ್ದ. ಇನ್ನೂರು ವರ್ಷ ಹಳೆಯ ಅಕ್ಷರ ಅವನಿಗೆ ಸಲೀಸಾಗಿ ಓದಲು ಬರುತ್ತಿರಲಿಲ್ಲವೋ ಏನೋ. ಸಮತಟ್ಟಾದ, ನಯವಾದ, ಎಲ್ಲರ ಕಣ್ಣಿಗೂ ಬೀಳುವ ಕಲ್ಲು ಬೇಕಿತ್ತು, ಸಿಕ್ಕಿತು. ಆದರೂ ಆ ಬೋಳು ಮುಖಗಳ ಮುಂದೆ ನಿಂತಾಗ ಮನಸ್ಸು ಅವನನ್ನು ಕ್ಷಮಿಸುವುದಿಲ್ಲ. ಇಷ್ಟು ದೊಡ್ಡ ಬೆಟ್ಟ, ಎಲ್ಲೆಲ್ಲೂ ಬಂಡೆ. ಬರೆಯಲು ಅವನಿಗೆ ಜಾಗವಿರಲಿಲ್ಲವೇ?

ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ರೋಮಿನಲ್ಲಿ ಇಂಥದ್ದೇ ಒಂದು ನೋಡಿದ್ದೆ," ಎಂದ. ಕಂಪನಿ ಕೆಲಸಕ್ಕೆ ಹೋಗಿದ್ದಾಗ ಒಂದು ದಿನ ಬಿಡುವು ಸಿಕ್ಕಿತ್ತಂತೆ. ಅಲ್ಲಿ 203ರಲ್ಲಿ ಕಟ್ಟಿದ ಸೆಪ್ಟಿಮಿಯಸ್ ಸೆವೆರಸ್‌ನ ಕಮಾನಿದೆ. ಮೇಲೆ ದೊಡ್ಡ ಅಕ್ಷರಗಳಲ್ಲಿ ಚಕ್ರವರ್ತಿಯ ಹೆಸರು, ಅವನ ಇಬ್ಬರು ಮಕ್ಕಳ ಹೆಸರು. ತಂದೆ ಸತ್ತ 211ರಲ್ಲೇ ಅಣ್ಣ ಕರಕಲ್ಲ ತಮ್ಮ ಗೇಟನನ್ನು ಕೊಲ್ಲಿಸಿದ. ಕೊಂದದ್ದು ಸಾಲದೆ ಸಾಮ್ರಾಜ್ಯದ ಉದ್ದಗಲಕ್ಕೂ ತಮ್ಮನ ಹೆಸರನ್ನು ಕೆತ್ತಿ ತೆಗೆಸಿದ. ಕಮಾನಿನ ಮೇಲೆ ಗೇಟನ ಹೆಸರಿದ್ದ ಸಾಲಿಗೆ ತನಗೂ ತಂದೆಗೂ ಸೇರಿದ ಬೇರೆ ಬಿರುದುಗಳನ್ನು ತುಂಬಿಸಿದ.

"ಆದರೆ ಅಕ್ಷರಗಳು ಕಂಚಿನವು ಮೇಷ್ಟ್ರೆ. ಕಲ್ಲಿಗೆ ತೂತು ಕೊರೆದು ಕೂರಿಸಿದ್ದು. ಹಳೆಯ ಅಕ್ಷರ ಕಿತ್ತರೂ ತೂತು ಹಾಗೇ ಉಳಿದಿವೆ. ಆ ತೂತುಗಳ ಲೆಕ್ಕದಿಂದಲೇ ಅಲ್ಲಿ ಗೇಟನ ಹೆಸರಿತ್ತು ಅಂತ ಓದಿದರಂತೆ."

"ನಮ್ಮ ಕಂಬದಲ್ಲಿ ತೂತೂ ಇಲ್ಲ," ಎಂದರು ಮೇಷ್ಟ್ರು.

ಈಜಿಪ್ಟಿನಲ್ಲಿ ಮೂರನೆಯ ಥಟ್ಮೋಸ್ ರಾಣಿ ಹಟ್ಶೆಪ್ಸುಟಳ ಹೆಸರು, ಚಿತ್ರಗಳನ್ನು ಗುಡಿಗಳ ಗೋಡೆಯಿಂದ ಒರೆಸಿದ್ದು, ಎರಡನೆಯ ರಾಮ್ಸೆಸ್ ಹಿಂದಿನ ಅರಸರ ವಿಗ್ರಹಗಳ ಮೇಲೆ ತನ್ನ ಹೆಸರು ಕೊರೆಸಿಕೊಂಡದ್ದು, ಹೀಗೆ ಇನ್ನೂ ಒಂದೆರಡು ಮಾತು ಬಂದವು. ಹುಡುಗನ ಗಮನ ಅಲ್ಲಿರಲಿಲ್ಲ. ಜೇಬಿನ ಹಾಳೆಯನ್ನು ತೆಗೆದು ಮತ್ತೆ ಒಳಗಿಟ್ಟ.

"ಮೇಷ್ಟ್ರೆ, ಒಂದು ವಿಷಯ ಹೇಳಲಿಲ್ಲ ನಿಮಗೆ. ದಾನಿಗಳ ಕಲ್ಲಿಗೆ ಹೊಸ ಗ್ರಾನೈಟ್ ತರಿಸೋದು ಬೇಡ ಅಂತ ತೀರ್ಮಾನ ಆಗಿದೆ. ಗುಡಿ ಹಿಂದೆ ಸೇದೋ ಬಾವಿ ಹತ್ತಿರ ಒಂದು ಉದ್ದನೆ ಕಲ್ಲಿದೆ. ಬಟ್ಟೆ ಒಗೆಯೋದು. ನಾನು ಹುಟ್ಟಿದಾಗಿನಿಂದ ಅಲ್ಲೇ ಬಿದ್ದಿದೆ. ಒಳ್ಳೇ ಹಳೇ ಕಲ್ಲು, ಚೆನ್ನಾಗಿ ಚಾಣ ಮಾಡಿದರೆ ಅದರ ಮೇಲೇ ಕೊರೀಬಹುದು ಅಂದಿದ್ದಾನೆ ಕಲ್ಲುಕುಟಿಗ."

ಮೇಷ್ಟ್ರ ಮುಖ ಬಿಗಿಯಿತು. "ಎಷ್ಟು ಉದ್ದ?"

"ನಾಲ್ಕೂವರೆ, ಐದು ಅಡಿ."

"ಮೇಲುಗಡೆ ತುದಿ ದುಂಡಗಿದೆಯಾ?"

"ಸ್ವಲ್ಪ ದುಂಡಗೇ ಇದೆ."

"ಕೆಳಮುಖ ಯಾರಾದರೂ ನೋಡಿದ್ದಾರಾ?"

"ಮಣ್ಣಲ್ಲಿ ಹೂತಿದೆಯಲ್ಲ ಮೇಷ್ಟ್ರೆ."

"ಅಪ್ಪನಿಗೆ ಫೋನು ಮಾಡು."

ಇಂಥ ಕಲ್ಲುಗಳ ಪಾಡು ಮೇಷ್ಟ್ರಿಗೆ ಗೊತ್ತಿತ್ತು. ವೀರಗಲ್ಲುಗಳ ಬೆನ್ನು ನುಣುಪಾಗಿ, ಚಪ್ಪಟೆಯಾಗಿ ಇರುವುದರಿಂದ ಅವು ಒಗೆಯುವ ಕಲ್ಲಾಗುತ್ತವೆ, ಕಾಲುವೆಗೆ ಸೇತುವೆಯಾಗುತ್ತವೆ, ದನದ ಕೊಟ್ಟಿಗೆಗೆ ಹಾಸಾಗುತ್ತವೆ. ಕೆತ್ತನೆಯ ಮುಖ ಮಣ್ಣಿಗೆ. ಬೆಂಗಳೂರಿನ ಹೆಸರು ಮೊದಲು ಕಾಣಿಸುವ ಒಂಬತ್ತನೆಯ ಶತಮಾನದ ಕೊನೆಯ ಕಲ್ಲು ಕೂಡ ಬೇಗೂರಿನ ದೇವಸ್ಥಾನದ ಆವರಣದಲ್ಲಿ ಸಿಕ್ಕ ಸಾವಿನ ಗುರುತೇ: 'ಬೆಂಗುಳೂರ ಕಾಳಗ'ದಲ್ಲಿ ಸತ್ತವನಿಗೆ ನಿಲ್ಲಿಸಿದ್ದು. ಕೋಟಿ ಜನ ಬಾಳುವ ಪಟ್ಟಣದ ಹೆಸರಿಗೆ ಸಾಕ್ಷಿಯಾಗಿ ನಿಂತಿರುವುದು ಅದು. ಯಾರಾದರೂ ಅದನ್ನು ಚಾಣ ಮಾಡಿ ತಮ್ಮ ಹೆಸರು ಬರೆಸಿದ್ದರೆ?

ಫೋನಿನಲ್ಲಿ ಅಪ್ಪನಿಗೆ ಸಿಟ್ಟು ಬಂತು. ಕಲ್ಲುಕುಟಿಗ ಆಗಲೇ ಬಂದು ಕೂತಿದ್ದಾನೆ, ಒಕ್ಕಣೆ ಎಲ್ಲಿ ಎಂದು ಅವರ ಪ್ರಶ್ನೆ. "ಅಪ್ಪ, ಮೊದಲು ಅದನ್ನ ತಿರುಗಿಸಿ ನೋಡಿ. ಮೇಷ್ಟ್ರು ಹೇಳ್ತಿದ್ದಾರೆ," ಎಂದು ಹುಡುಗ ಮೂರು ಸಲ ಹೇಳಬೇಕಾಯಿತು. ನಾಲ್ಕು ಆಳು, ಎರಡು ಹಾರೆ ಬೇಕು ಎಂದು ಗೊಣಗಿ ಅವರು ಫೋನು ಇಟ್ಟರು.

ಅಖಂಡಬಾಗಿಲನ್ನು ದಾಟಿ ಇಬ್ಬರೂ ಮೇಲೆ ಬಂದರು. ಸುತ್ತಾಲಯದ ಒಳಗೆ ಕಾಲಿಟ್ಟಾಗ ಬಿಸಿಲು ಗೊಮ್ಮಟನ ಹೆಗಲ ಮೇಲಿತ್ತು. ಸುಮಾರು 58 ಅಡಿಯ ಏಕಶಿಲೆ. ಎಷ್ಟು ಸಲ ನೋಡಿದರೂ ಕತ್ತೆತ್ತಿದ ಕ್ಷಣಕ್ಕೆ ಮಾತು ನಿಲ್ಲುತ್ತದೆ. ಮೇಷ್ಟ್ರು ಮಾತ್ರ ಹುಡುಗನ ಕಣ್ಣನ್ನು ಪಾದದ ಕಡೆಗೆ ಇಳಿಸಿದರು. ಪಾದದ ಎರಡೂ ಪಕ್ಕದ ಕಲ್ಲಿನ ಮೇಲೆ ಚಿಕ್ಕ ಚಿಕ್ಕ ಸಾಲುಗಳು. ಚಾವುಂಡರಾಜ ಮಾಡಿಸಿದ ಎಂದು ಕನ್ನಡದಲ್ಲಿ, ಅದನ್ನೇ ತಮಿಳಿನಲ್ಲಿ, ಆಚೆ ಬದಿಯಲ್ಲಿ ನಾಗರಿ ಅಕ್ಷರದಲ್ಲಿ ಮರಾಠಿಯಲ್ಲಿ.

"ಇಷ್ಟೇನಾ?"

"ಇಷ್ಟೇ. ಇಷ್ಟು ದೊಡ್ಡದು ಮಾಡಿಸಿದವನು ಕಾಲ ಬುಡದಲ್ಲಿ ಇಷ್ಟು ಬರೆಸಿದ. ಈಗ ಅದರ ಜೊತೆಗಿರೋ ಸಾಲು ನೋಡು. ಗಂಗರಾಜ ಸುತ್ತಾಲಯ ಮಾಡಿಸಿದ ಅಂತ. ಗಂಗರಾಜ ಯಾರು? ಹೊಯ್ಸಳ ವಿಷ್ಣುವರ್ಧನನ ದಂಡನಾಯಕ. ಚಾವುಂಡರಾಯನಾದ ಮೇಲೆ ಸುಮಾರು 135 ವರ್ಷಕ್ಕೆ ಬಂದವನು. ಗಂಗರ ರಾಜ್ಯವೇ ಅಳಿದುಹೋಗಿತ್ತು ಆಗ. ಹಳೆಯ ಹೆಸರು ಕೆತ್ತಿಹಾಕಿದ್ದರೆ ಕೇಳೋರಿದ್ದರಾ? ಅವನು ಆ ಹೆಸರನ್ನ ಮುಟ್ಟಲಿಲ್ಲ. ಪಕ್ಕದಲ್ಲಿ ತನ್ನದು ಬರೆಸಿದ. ಏನು ಮಾಡಿಸಿದ್ದನೋ ಅಷ್ಟನ್ನೇ ಬರೆಸಿದ, ಗೋಡೆ ಕಟ್ಟಿಸಿದೆ ಅಂತ."

ಒಂದೇ ಬೆಟ್ಟ. ಕೆಳಗೆ ಹೆಗ್ಗಡೆ ಕಣ್ಣನ ಎರಡೂವರೆ ಸಾಲು, ಮೇಲೆ ಗಂಗರಾಜನ ಒಂದು ಸಾಲು. ಇತಿಹಾಸದ ಪಾಠವನ್ನು ನೂರು ಪುಟದಲ್ಲಿ ಹೇಳಬಹುದು, ಆದರೆ ಈ ಎರಡು ಕಲ್ಲುಗಳ ನಡುವೆ ಐದು ನಿಮಿಷ ನಡೆದರೆ ಸಾಕು, ಮನಸ್ಸಿಗೆ ನಾಟುತ್ತದೆ.

"ಕೆತ್ತಿದವನ ಹೆಸರು?" ಎಂದು ಕೇಳಿದ ಹುಡುಗ.

"ಇಲ್ಲಿ ಬರೆದಿಲ್ಲ. ಬೇಲೂರಿಗೆ ಹೋದರೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಂತ ಶಿಲ್ಪಿಗಳು ಮದನಿಕೆಯರ ಕೆಳಗೆ ಹೆಸರು ಕೊರೆದಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನದು ಎಷ್ಟು ಕಡೆ! ಅಪ್ಪ ಮಗ ಒಂದೇ ಗುಡಿಯಲ್ಲಿ ಕೆಲಸ ಮಾಡಿದ್ದು, ಯಾವ ಊರಿಂದ ಬಂದಿದ್ದು, ಎಲ್ಲ ಆ ಹೆಸರುಗಳಿಂದಲೇ ಗೊತ್ತಾಗೋದು. ಅವರು ಹೆಸರು ಹಾಕಿದ್ದಕ್ಕೆ ನಾನು ದಿನಾ ಕೈಮುಗೀತೀನಿ. ಇಲ್ಲಿ ಈ ಮುಖದ ನಗು ಯಾರ ಕೈಯದು ಅಂತ ಹೇಳೋಕಾಗೋದಿಲ್ಲ. ಹೆಸರು ಹಾಕೋದು ತಪ್ಪು ಅಂತ ನೀನು ಬೆಳಿಗ್ಗೆ ಅಂದೆಯಲ್ಲ, ಹಾಕದೆ ಹೋದರೆ ಹೀಗಾಗ್ತದೆ."

ಹೊರಗೆ ಬಂದರೆ ಗೊಮ್ಮಟನ ನೇರ ಎದುರಿಗೆ ಗುಳ್ಳಕಾಯಜ್ಜಿ. ಚಾವುಂಡರಾಯ ಕೊಡಕೊಡ ಹಾಲು ಸುರಿದರೂ ಅಭಿಷೇಕ ಪಾದ ಮುಟ್ಟಲಿಲ್ಲ, ಬಡ ಮುದುಕಿಯೊಬ್ಬಳು ಗುಳ್ಳದ ಕಾಯಿಯ ಓಡಿನಲ್ಲಿ ತಂದ ಹಾಲು ನೆತ್ತಿಯಿಂದ ಪಾದದವರೆಗೆ ಹರಿದು ಬೆಟ್ಟವನ್ನೆಲ್ಲ ತೋಯಿಸಿತು ಎಂಬುದು ಎಲ್ಲರಿಗೂ ಗೊತ್ತಿರುವ ಐತಿಹ್ಯ. ಅದರಲ್ಲಿ ಮೇಷ್ಟ್ರಿಗೆ ಮುಖ್ಯವಾದದ್ದು ಬೇರೆ.

"ಈ ಕಥೆ ಮಾಡಿಸಿದವನ ಸೊಕ್ಕು ಮುರಿಯೋ ಕಥೆ. ಅದನ್ನ ಅಳಿಸದೆ, ಅಜ್ಜಿಯ ವಿಗ್ರಹ ಮಾಡಿ ಇಲ್ಲಿ ನಿಲ್ಲಿಸಿದರಲ್ಲ. ಯಾವ ಜಾಗದಲ್ಲಿ? ದೇವರ ಎದುರಿಗೆ. ಪಟ್ಟಣದಲ್ಲಿ ಎಷ್ಟೋ ದೊಡ್ಡವರ ಪ್ರತಿಮೆಗಳನ್ನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಎತ್ತಿ ಇಡ್ತಾರೆ. ಬೆಂಗಳೂರಿನ ಮಾರ್ಕ್ ಕಬ್ಬನ್ ಕುದುರೆ ಸಮೇತ 2020ರಲ್ಲಿ ಹೈಕೋರ್ಟಿನ ಆವರಣದಿಂದ ಪಾರ್ಕಿನ ಒಳಕ್ಕೆ ಹೋದ. ಈ ಅಜ್ಜಿಯನ್ನ ಕದಲಿಸಬೇಕು ಅಂತ ಯಾರಿಗೂ ಅನ್ನಿಸಲಿಲ್ಲ."

ಇಳಿಯುವಾಗ ಮಾತು ನಾಯಿಯ ಮೇಲೆ ಬಂತು. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಮೇಷ್ಟ್ರಿಗೆ ಎಲ್ಲಕ್ಕಿಂತ ಪ್ರೀತಿಯದು. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಸತ್ತದ್ದು, ಗಂಗ ಬೂತುಗ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗಾಗಿ ಹೋರಾಡಿದ್ದು, ದಕ್ಷಿಣ ಭಾರತದ ಇತಿಹಾಸದ ದೊಡ್ಡ ಸುದ್ದಿಗಳು ಆ ಕಲ್ಲಿನಲ್ಲಿವೆ. ಆದರೆ ಕಲ್ಲು ನಿಂತದ್ದು ಕಾಳಿ ಎಂಬ ನಾಯಿಗಾಗಿ. ಬೂತುಗನ ಬಂಟ ಮಣಲೆರ ಯುದ್ಧದಲ್ಲಿ ಮೆರೆದಾಗ, ಏನು ಬೇಕು ಕೇಳು ಎಂದನಂತೆ ಒಡೆಯ. ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿಯನ್ನು ಕೊಡಿ ಎಂದ ಮಣಲೆರ. ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದಕ್ಕಾಗಿ ಸುಮಾರು 949ರಲ್ಲಿ ಚಲ್ಲೇಶ್ವರ ಗುಡಿಯ ಎದುರು ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಗುಡಿಯ ಗೊರವ ಆ ಕಲ್ಲನ್ನು ಪೂಜಿಸದೆ ಉಣ್ಣಕೂಡದು ಎಂದೂ ಬರೆಸಿದರು. ಈಗ ಅದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲಿನ ಮೇಲೆ ನಾಯಿ ಹಂದಿ ಎರಡೂ ಸೆಣಸುತ್ತಲೇ ಇವೆ.

"ತಕ್ಕೋಲದ ಸುದ್ದಿ ನಮಗೆ ಸಿಕ್ಕಿದ್ದೇ ಕಾಳಿಯ ಹೆಸರಿನ ಜೊತೆಗೆ," ಎಂದರು ಮೇಷ್ಟ್ರು.

ಕೆಳಗೆ ಬಂದು ಹೋಟೆಲಿನಲ್ಲಿ ಕಾಫಿ ಹೇಳಿದಾಗ ಹುಡುಗನ ಫೋನಿಗೆ ಒಂದು ಫೋಟೋ ಬಂತು. ಅಮ್ಮ ತೆಗೆದದ್ದು. ಕಲ್ಲು ಮಗುಚಿಕೊಂಡು ಬಿದ್ದಿತ್ತು. ಯಾರೋ ಎರಡು ಕೊಡ ನೀರು ಹಾಕಿದ್ದರು. ಮಣ್ಣು ಇನ್ನೂ ಮೂಲೆಗಳಲ್ಲಿ ಅಂಟಿತ್ತು. ಹುಡುಗನಿಗೆ ಬರೀ ಉಬ್ಬುತಗ್ಗು ಕಂಡಿತು. ಮೇಷ್ಟ್ರು ಕನ್ನಡಕ ಹಣೆಗೇರಿಸಿ ಫೋನನ್ನು ಕಣ್ಣಿನ ಹತ್ತಿರ ಹಿಡಿದರು. ಕೈ ಸ್ವಲ್ಪ ನಡುಗುತ್ತಿತ್ತು.

"ಮೇಲುಗಡೆ ಸೂರ್ಯ ಚಂದ್ರ. ಕಂಡಿತಾ? ಅದರ ಕೆಳಗೆ ಲಿಂಗ, ಪಕ್ಕದಲ್ಲಿ ಕೂತವನು ಅವನೇ. ನಡುವಿನ ಪಟ್ಟಿಕೆಯಲ್ಲಿ ಇಬ್ಬರು ಹೆಂಗಸರು ಅವನನ್ನ ಎತ್ತಿಕೊಂಡು ಹೋಗ್ತಿದ್ದಾರೆ, ಅಪ್ಸರೆಯರು. ಎಲ್ಲಕ್ಕಿಂತ ಕೆಳಗೆ ನೋಡು. ಬಿಲ್ಲು ಹಿಡಿದಿದ್ದಾನೆ. ಹಿಂದೆ ಏನು ಹೇಳು?"

"ದನ?"

"ಹಸುಗಳು. ಒಂದು, ಎರಡು, ಮೂರು. ತುರುಗೊಳ್. ಊರ ದನ ಹೊಡಕೊಂಡು ಹೋಗೋಕೆ ಬಂದವರನ್ನ ತಡೆದು ಸತ್ತಿದ್ದಾನೆ."

"ಹೆಸರು?"

ಮೇಷ್ಟ್ರು ಪಟ್ಟಿಕೆಗಳ ನಡುವಿನ ಅಡ್ಡ ಪಟ್ಟಿಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದರು. ಅಕ್ಷರ ಇರಬೇಕಾದದ್ದು ಅಲ್ಲಿ. ಎರಡೂ ಖಾಲಿ.

"ಕಾಣೋದಿಲ್ಲ. ಮಣ್ಣು ಪೂರ್ತಿ ಹೋದ ಮೇಲೆ ಹೇಳಬೇಕು. ಎಷ್ಟೋ ಕಲ್ಲಿನ ಮೇಲೆ ಬರೆಯೋದೇ ಇಲ್ಲ. ಊರೆಲ್ಲ ಬಲ್ಲವನು, ಬರೆಯೋದೇನು ಅಂದುಕೊಂಡಿರ್ತಾರೆ."

ಅಷ್ಟರಲ್ಲಿ ಅಪ್ಪನ ಫೋನು. ಹಿಂದೆ ಜನರ ಗದ್ದಲ ಕೇಳುತ್ತಿತ್ತು. ಕಲ್ಲುಕುಟಿಗ ಉಳಿಯನ್ನು ಚೀಲಕ್ಕೆ ಹಾಕಿಕೊಂಡುಬಿಟ್ಟನಂತೆ, ಇದರ ಮೇಲೆ ನಾನು ಕೈ ಇಡೋದಿಲ್ಲ ಎಂದನಂತೆ. ಅಮ್ಮ ಅರಿಶಿನ ಕುಂಕುಮ ತರಲು ಒಳಗೆ ಹೋಗಿದ್ದಾಳಂತೆ. ಅಪ್ಪನ ದನಿಯಲ್ಲಿ ಬೆಳಗಿನ ಸಿಟ್ಟಿರಲಿಲ್ಲ.

"ಯಾರಂತೆ ಅದು? ಮೇಷ್ಟ್ರನ್ನ ಕೇಳು."

"ಹಸು ಬಿಡಿಸಿಕೊಂಡು ಬಂದವನು ಅಂತೆ ಅಪ್ಪ. ಹೆಸರು ಗೊತ್ತಿಲ್ಲ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬಾಗಿಲ ಪಕ್ಕ ಗುಂಡಿ ತೋಡಿಸಿ ಆಗಿದೆ. ಅಲ್ಲಿಗೇ ನಿಲ್ಲಿಸಿಬಿಡಲಾ?" ಎಂದರು ಅಪ್ಪ.

ಹುಡುಗ ಮೇಷ್ಟ್ರ ಮುಖ ನೋಡಿದ. ಅವರು ಫೋನಿಗೆ ಕೈಚಾಚಿ, ತೆಂಗಿನ ನಾರಿನ ಬ್ರಷ್ಷಿನಿಂದ ಬರೀ ನೀರು ಹಾಕಿ ಉಜ್ಜಿ, ಸೋಪು ಪುಡಿ ಬೇಡ, ತಂತಿ ಬ್ರಷ್ಷು ಮುಟ್ಟಿಸಲೇಬೇಡಿ, ನಾನು ಕಾಗದ ಮಸಿ ತಗೊಂಡು ಬರ್ತೀನಿ, ಅಲ್ಲೀತನಕ ನಿಲ್ಲಿಸೋದು ತಡೀರಿ ಎಂದು ಹೇಳಿದರು. ಫೋನು ಇಟ್ಟು ಕಾಫಿಯ ಲೋಟ ಕೆಳಗಿಟ್ಟು, ಹುಡುಗನ ಜೇಬಿನಿಂದ ಆ ಹಾಳೆಯನ್ನು ತಾವೇ ತೆಗೆದರು. ಹೆಸರುಗಳ ಪಟ್ಟಿಯನ್ನು ಒಂದು ಸಲ ಓದಿ, ಹಾಳೆಯನ್ನು ಮಗುಚಿ, ಖಾಲಿ ಬದಿಯಲ್ಲಿ ಫೋಟೋ ನೋಡುತ್ತ ಕಲ್ಲಿನ ಆಕಾರವನ್ನು ಪೆನ್ನಿನಲ್ಲಿ ಬರೆಯತೊಡಗಿದರು.

"ನಿಮ್ಮೂರಿಗೆ ಮಧ್ಯಾಹ್ನದ ಬಸ್ಸು ಎಷ್ಟು ಗಂಟೆಗೆ?"